ಅಖಂಡರು ಬಿಟ್ಟುಹೋದ ಸದ್ದು

ನಮ್ಮ ಊರಿನಲ್ಲಿ ಗಂಡಹೆಂಡಿರು ಜಗಳ ಆಡಬೇಕೆಂದರೆ ಹಳ್ಳ ದಾಟಿ ದಿಬ್ಬಕ್ಕೆ ಹೋಗುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗುವವರೂ ಉಂಟು. ಜಗಳ ಬೇಗ ಮುಗಿದರೆ ಅಲ್ಲೇ ಉಂಡು ಬರಬಹುದಲ್ಲ. ಊರ ಗೋಡೆಯ ಒಳಗೆ ಆಡಿದ್ದು, ಹಾಡಿದ್ದು, ಬಡಿದದ್ದು ಎಲ್ಲವೂ ವರ್ಷ ತುಂಬಿದ ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಮ್ಮೆ ಕೇಳುತ್ತದೆ. ಅದಕ್ಕೆ ಎರಡನೇ ದನಿ ಎನ್ನುತ್ತಾರೆ. ಮೂರನೆಯದು ಇಲ್ಲ.

ನಾನು ಹೊರಗಿನವಳು. ದೊಡ್ಡ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದೆ. ಹಾಸ್ಟೆಲಿನ ಅಡುಗೆಮನೆಯ ಪಾತ್ರೆಗಳಿಗೆ ಕಲಾಯಿ ಹಾಕಲು ಹೊನ್ನಪ್ಪ ಬರುತ್ತಿದ್ದ. ಬೆಂಕಿಯ ಮುಂದೆ ಕುಳಿತು ಕಪ್ಪು ಹಿಡಿದ ಹಂಡೆಯನ್ನು ಅರಳೆಯಿಂದ ಒಂದು ಸುತ್ತು ಒರೆಸುತ್ತಿದ್ದ, ಒಳಗೆಲ್ಲ ಬೆಳ್ಳಗಾಗುತ್ತಿತ್ತು. ನಾನು ಪುಸ್ತಕ ಮುಚ್ಚಿ ನೋಡುತ್ತ ನಿಲ್ಲುತ್ತಿದ್ದೆ. ಹಾಗೆ ಆಯಿತು ನಮ್ಮ ಮದುವೆ.

ಬಂದ ಹೊಸತರಲ್ಲಿ ಒಂದು ದಿನ ಒಲೆಯ ಮುಂದೆ ಒಬ್ಬಳೇ ಇದ್ದೆ. ಕಿವಿಯ ಹತ್ತಿರವೇ ಒಂದು ಗಂಡಸಿನ ದನಿ, “ಉಪ್ಪು ಹೆಚ್ಚಾಯ್ತು” ಎಂದಿತು. ಸೌಟು ಕೈಯಿಂದ ಜಾರಿತು. ಅತ್ತೆ ದ್ಯಾಮವ್ವ ಹಿತ್ತಲಿಂದ ಬಂದು ಸೌಟು ಎತ್ತಿ ತೊಳೆದುಕೊಟ್ಟರು.

“ನಿಮ್ಮ ಮಾವ ಕಣವ್ವ. ಹೋದ ವರ್ಷದ ಸಾರಿಗೆ ಹೇಳ್ತಾವ್ರೆ. ನಿಂದಲ್ಲ ಬಿಡು.”

ಮಾವ ತೀರಿಕೊಂಡು ಆಗಲೇ ತಿಂಗಳುಗಳಾಗಿದ್ದವು. ಈ ಊರಿನಲ್ಲಿ ಸತ್ತವರು ಇನ್ನೊಂದು ವರ್ಷ ಮನೆಯಲ್ಲೇ ಮಾತಾಡಿಕೊಂಡಿರುತ್ತಾರೆ. ಕಡೆಯ ಮಾತು ತಿರುಗಿ ಬರುವ ದಿನ ನೆಂಟರು ಸೇರುತ್ತಾರೆ, ಸದ್ದಿಲ್ಲದೆ ಕುಳಿತು ಕೇಳುತ್ತಾರೆ, ಉಂಡು ಹೋಗುತ್ತಾರೆ. ಮಾರನೆಯ ದಿನ ಮನೆಗೆ ಸುಣ್ಣ ಬಳಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಒಂದೇ ಒಂದು ಕಟ್ಟುಪಾಡು. ಎರಡನೇ ದನಿಗೆ ಉತ್ತರ ಕೊಡಬಾರದು. ಕೊಟ್ಟರೆ ಮುಂದಿನ ವರ್ಷ ಪ್ರಶ್ನೆ ಇಲ್ಲದೆ ಉತ್ತರ ಒಂದೇ ಬಂದು ನಡುಮನೆಯಲ್ಲಿ ನಿಲ್ಲುತ್ತದೆ. ಅಂಥ ಮನೆಯವರನ್ನು ಊರು ಬಹಳ ದಿನ ಆಡಿಕೊಳ್ಳುತ್ತದೆ. ದ್ಯಾಮವ್ವ ಈ ವಿಷಯದಲ್ಲಿ ಬಿಗಿ. ಮಾವನ ದನಿ ಎಷ್ಟು ಕೆಣಕಿದರೂ ಅವರು ಒಂದು ವರ್ಷ ಬಾಯಿ ಬಿಡಲಿಲ್ಲ. ಉಪ್ಪಿನ ಮಾತು ಬಂದಾಗ ಮಾತ್ರ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದರು.

ಅಖಂಡರ ಹೆಸರನ್ನು ನಾನು ಮೊದಲು ಕೇಳಿದ್ದು ಓದುವಾಗ. ಉಪ್ಪಿನ ಸೀಮೆಯಲ್ಲಿ ಒಬ್ಬ ಗುರು ಎದ್ದಿದ್ದಾನಂತೆ, ದೇವರು ಸೃಷ್ಟಿಯ ದಿನ ಒಂದೇ ಮಾತು ಆಡಿದ, ಮತ್ತೆ ಆಡಲಿಲ್ಲ, ಜಗತ್ತೆಲ್ಲ ಆ ಒಂದು ಮಾತಿನ ಕೆಳಗೆ ಬರಬೇಕು ಎನ್ನುತ್ತಾನಂತೆ. ನಮ್ಮ ಅಧ್ಯಾಪಕರು ನಕ್ಕಿದ್ದರು. ಗುರುವಿಗೆ ಮೊದಲು ಅಖಂಡರೆಂಬ ಶಿಷ್ಯರಾದರು, ಶಿಷ್ಯರಿಗೆ ಈಟಿ ಬಂತು, ಈಟಿಗೆ ಕುದುರೆ ಬಂತು. ಎಡಗೈಗೆ ಕಬ್ಬಿಣದ ಕಡಗ ಹಾಕಿಕೊಂಡು, ಹುಟ್ಟಿದ ಹೆಸರು ಬಿಟ್ಟು, ಪಂಥ ಕೊಟ್ಟ ಹೆಸರು ಇಟ್ಟುಕೊಂಡು ಅವರು ಊರಿಂದ ಊರಿಗೆ ಹರಡಿದರು. ಬೇರೆ ದೇವರಿಗೆ ಕೈಮುಗಿದವರ ಕೈ ಕಡಿದರು ಎಂಬ ಸುದ್ದಿಯೂ ಜೊತೆಗೇ ಬರುತ್ತಿತ್ತು. ನಾನು ಓದಿದ ವಿಶ್ವವಿದ್ಯಾಲಯ ಅವರ ಕುದುರೆ ಲಾಯವಾಯಿತು. ನಕ್ಕಿದ್ದ ಅಧ್ಯಾಪಕರ ಸುದ್ದಿ ತಿಳಿಯಲಿಲ್ಲ.

ನಮ್ಮ ಊರಿಗೆ ಅವರು ಬಂದದ್ದು ಮಾಗಿಯಲ್ಲಿ. ಊರಿನವರು ಬಾಗಿಲು ತೆರೆದು ಮಜ್ಜಿಗೆ ಕೊಟ್ಟರು. ಕಾದಾಡುವಷ್ಟು ಜನ ನಮ್ಮಲ್ಲಿ ಇರಲಿಲ್ಲ. ಅವರ ದಂಡನಾಯಕನ ಹೆಸರು ವಿರಜ. ಎತ್ತರದ ಆಳು, ಚೆಂದದ ದನಿ. ಚಾವಡಿ ಕಟ್ಟೆಯ ಮೇಲೆ ನಿಂತು, “ದೇವರು ಒಮ್ಮೆ ನುಡಿದನು. ನುಡಿದದ್ದು ಒಂದೇ. ಅದಕ್ಕೆ ಎರಡಿಲ್ಲ” ಎಂದ.

ಅವನ ಕಾಲ ಬುಡದಿಂದಲೇ ಒಂದು ದನಿ ಎದ್ದಿತು. “ನೆಲ್ಲಿಕಾಯಿ, ನೆಲ್ಲಿಕಾಯೀ.”

ಹೋದ ವರ್ಷ ಅದೇ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದ್ದ ಹೆಂಗಸು. ವಿರಜ ಕತ್ತಿ ಹಿರಿದು ಸುತ್ತಲೂ ನೋಡಿದ. ಜನ ತಲೆ ತಗ್ಗಿಸಿ ನೆಲ ನೋಡುತ್ತ ನಿಂತರು. ಹೊನ್ನಪ್ಪನ ಭುಜ ಅಲುಗುತ್ತಿತ್ತು. ನಾನು ಅವನ ಕೈ ಚಿವುಟಿದೆ.

ಮರುದಿನವೇ ಕಟ್ಟಳೆ ಬಂತು. ಎರಡನೇ ದನಿ ದೇವರಿಗೆ ಮಾಡುವ ಅಣಕ, ಯಾರೂ ಕೇಳಬಾರದು. ಬೆಳಗಿನಿಂದ ಸಂಜೆಯವರೆಗೆ ಚಾವಡಿಯ ಮುಂದೆ ನಗಾರಿ ಬಾರಿಸಿ ಅದನ್ನು ಅಡಗಿಸಬೇಕು. ದಂಡನಾಯಕರು ಮಾತಾಡುವಾಗ ಮಾತ್ರ ನಗಾರಿ ನಿಲ್ಲಬೇಕು. ನಮ್ಮ ಮನೆ ಚಾವಡಿಯ ಎದುರಿಗೇ. ಮಗಳ ಮೊದಲ ಅಳು ತಿರುಗಿ ಬರುವ ದಿನ ನೆಂಟರನ್ನು ಕರೆದಿದ್ದ ಒಬ್ಬ ನೇಕಾರನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಆ ಕೂಗೂ ಊರಿನೊಳಗೇ ಆಯಿತು.

ಜನ ಒಗ್ಗಿಕೊಂಡರು. ನಗಾರಿಯ ಸದ್ದಿನಲ್ಲಿ ಕೈಸನ್ನೆಯಿಂದ ವ್ಯಾಪಾರ ನಡೆಯಿತು. ಹೆಂಗಸರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಮಾತಾಡುವುದನ್ನು ದಂಡಿನ ನಗಾರಿಯವರಿಂದ ಕಲಿತರು. ಅವರು ಹಾಗೇ ಮಾಡುತ್ತಿದ್ದರು. ಕೈ ಬಾರಿಸುತ್ತಲೇ ಇರುತ್ತಿತ್ತು, ಕುತ್ತಿಗೆ ಚಾಚಿ ಪಕ್ಕದವನ ಕಿವಿಯೊಳಗೇ ಮಾತು ಸುರಿಯುತ್ತಿದ್ದರು. ಅವರಲ್ಲೊಬ್ಬ ನಿಶ್ಚಲ ಎಂಬವನು ಮಧ್ಯಾಹ್ನ ನಮ್ಮ ಜಗಲಿಯ ನೆರಳಿಗೆ ಬಂದು ನೀರು ಕೇಳುತ್ತಿದ್ದ. ದ್ಯಾಮವ್ವ ನೀರಿನ ಜೊತೆ ಬೆಲ್ಲ ಕೊಡುತ್ತಿದ್ದರು. ನಿಜವಾದ ಹೆಸರು ಕೇಳಿ ಕೇಳಿ ಕಡೆಗೆ ಹೇಳಿಸಿದರು. ಕಾಟಯ್ಯ.

ವಿರಜ ವಾರಕ್ಕೊಮ್ಮೆ ಕಟ್ಟೆ ಹತ್ತುತ್ತಿದ್ದ. ನಗಾರಿ ನಿಲ್ಲುತ್ತಿತ್ತು. ಬರುವ ಯುಗಾದಿಗೆ ಮೊದಲು ಕಡಲಿನ ಕೋಟೆ ನಮ್ಮದು ಎನ್ನುತ್ತಿದ್ದ. ಮುಂಗಾರಿಗೆ ಪ್ರತಿ ಸೈನಿಕನಿಗೆ ನೀರಾವರಿಯ ಹೊಲ ಎನ್ನುತ್ತಿದ್ದ. ಗುರುಗಳಿಗೆ ಮುಪ್ಪಿಲ್ಲ, ಸಾವಿಲ್ಲ ಎನ್ನುತ್ತಿದ್ದ. ಸೈನಿಕರು ಕಡಗ ಬಡಿದು ಜಯಕಾರ ಹಾಕುತ್ತಿದ್ದರು.

ಒಂದು ಸಲ ಅವನು ಇಳಿದು ಬಂದಾಗ ದ್ಯಾಮವ್ವ ಮಜ್ಜಿಗೆ ಕೊಟ್ಟು ಹೇಳಿದರು. “ಸಾಮಿ, ಮುಂದಾಗೋ ಮಾತ ದಿಬ್ಬದ ಮೇಲೆ ಹೇಳಿ. ನಾವು ಹೆಣ್ಣು ಕೇಳಕೆ ಬಂದೋರಿಗೂ ಊರೊಳಗೆ ಕೊಡ್ತೀವಿ ಅನ್ನಕಿಲ್ಲ.”

“ಸತ್ಯವು ಯಾವುದಕ್ಕೂ ಅಂಜುವುದಿಲ್ಲ, ತಾಯೇ.”

“ಅಂಜೋದು ಬ್ಯಾಡಿ. ಹಳ್ಳ ದಾಟಿದ್ರೆ ಸಾಕು. ನೀರು ಮೊಣಕಾಲುದ್ದ ಐತೆ.”

ಅವನು ಮಜ್ಜಿಗೆ ಕುಡಿದು ಲೋಟ ಕೊಟ್ಟು ಹೋದ.

ಅಖಂಡರ ರಾಜ್ಯ ಹೇಗೆ ಬಿತ್ತು ಎಂದು ಮುಂದೆ ಯಾರಾದರೂ ಬರೆಯುತ್ತಾರೆ. ಹೊಳೆಯ ದಂಡೆಯ ಸೋಲು, ಉಪ್ಪಿನ ಸೀಮೆಯ ಕ್ಷಾಮ, ಗುರು ಸತ್ತ ಮೇಲೆ ಶಿಷ್ಯರು ಕಿತ್ತಾಡಿದ್ದು. ಎಲ್ಲ ಸರಿಯೇ. ನಾನು ಕಂಡದ್ದು ನಮ್ಮ ಚಾವಡಿಯ ಮುಂದೆ ಆದದ್ದನ್ನು ಮಾತ್ರ.

ಮುಂದಿನ ಮಾಗಿ ಬಂತು. ಒಂದು ಬೆಳಿಗ್ಗೆ ನಗಾರಿ ಜೋರಾಗಿ ನಡೆದಿತ್ತು. ಬರಿದಾದ ಕಟ್ಟೆಯ ಮೇಲಿಂದ ವಿರಜನ ದನಿ ಶುರುವಾಯಿತು. ನಗಾರಿಯವರು ಒಂದು ವರ್ಷದಿಂದ ಆ ದನಿಗೆ ಕೈ ನಿಲ್ಲಿಸಿ ರೂಢಿಯಾದವರು. ಒಟ್ಟಿಗೇ ನಿಲ್ಲಿಸಿದರು. ಹೋದ ವರ್ಷದ ನಗಾರಿಯೂ ಆ ಹೊತ್ತಿಗೆ ನಿಂತಿತ್ತಲ್ಲ. ಊರಿಗೆ ಊರೇ ಮೌನವಾಯಿತು. ಇಡೀ ವರ್ಷದಲ್ಲಿ ಹಗಲು ಹೊತ್ತು ಅಷ್ಟು ಸ್ಪಷ್ಟವಾಗಿ ಕೇಳಿದ ಎರಡನೇ ದನಿ ಅದೊಂದೇ. “ಬರುವ ಯುಗಾದಿಗೆ ಮೊದಲು ಕಡಲಿನ ಕೋಟೆ ನಮ್ಮದು.”

ಆ ಯುಗಾದಿ ಕಳೆದು ಎಷ್ಟೋ ಕಾಲವಾಗಿತ್ತು. ಕೋಟೆಯ ಹತ್ತಿರಕ್ಕೂ ಅವರು ಹೋಗಿರಲಿಲ್ಲ. ಸೈನಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿರಜ ಬಿಡಾರದಿಂದ ಓಡಿ ಬಂದು “ಬಾರಿಸಿ” ಎಂದು ಕೂಗಿದ. ಅವನ ದನಿ ಕೇಳಿ ಅವರು ಕೈ ಇನ್ನೂ ಮೇಲೆತ್ತಿ ಹಿಡಿದರು.

ಅವನು ಆಜ್ಞೆ ಬದಲಿಸಿದ. ತನ್ನ ದನಿ ಕೇಳಿದರೂ ಬಾರಿಸಬೇಕು ಎಂದ. ಆಗ ಅವನು ಹೊಸದಾಗಿ ಹೇಳುವ ಮಾತು ಯಾರಿಗೂ ಕೇಳದಾಯಿತು. ಮತ್ತೆ ಬದಲಿಸಿದ. ದಂಡನಾಯಕನ ಮಾತಿನ ಮೇಲೆ ಬಾರಿಸುವುದು ಪಾಪ ಎಂದು ಅವರ ಪಂಡಿತರು ಬೇರೆ ತಕರಾರು ತೆಗೆದರು. ವಾರವಾರವೂ ಬರಿಯ ಕಟ್ಟೆ ಭಾಷಣ ಮಾಡಿತು. ಗುರು ಸತ್ತ ಸುದ್ದಿ ಬಂದ ಎರಡು ದಿನಕ್ಕೆ, “ಗುರುಗಳಿಗೆ ಮುಪ್ಪಿಲ್ಲ, ಸಾವಿಲ್ಲ” ಎಂಬುದು ಬಂತು. ನೀರಾವರಿಯ ಹೊಲದ ಮಾತು ಬಂದ ದಿನ ಸೈನಿಕನೊಬ್ಬ ನಕ್ಕ. ಅವನನ್ನು ನೋಡಿ ಇನ್ನೊಬ್ಬ ನಕ್ಕ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅವತ್ತಿನಿಂದ ಒಬ್ಬೊಬ್ಬರೇ ಕಾಣೆಯಾಗತೊಡಗಿದರು. ಬಾವಿಯ ಬುಡದಲ್ಲಿ ಕತ್ತರಿಸಿದ ಕಡಗಗಳು ಸಿಗುತ್ತಿದ್ದವು.

ಹೊಳೆಯ ದಂಡೆಯಲ್ಲಿ ಸೋತ ದಂಡಿಗೆ ಅನ್ನ ಬೇಯಿಸಲು ಪಾತ್ರೆ ಬೇಕಿತ್ತು. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಉಂಡು ಜನ ವಾಂತಿ ಮಾಡುತ್ತಿದ್ದರು. ಆಷಾಢದ ಒಂದು ಬೆಳಿಗ್ಗೆ ಊರಿನ ಕಸುಬಿನವರನ್ನು ಹಿಡಿದು ಹಗ್ಗಕ್ಕೆ ಕಟ್ಟಿದರು. ಹೊನ್ನಪ್ಪನನ್ನು ನಮ್ಮ ಬಾಗಿಲ ಮುಂದಿನ ಕುದುರೆ ಕಟ್ಟುವ ಕಲ್ಲಿಗೆ ಬಿಗಿದು ನಿಲ್ಲಿಸಿದರು. ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ, ಈಟಿ ಅಡ್ಡ ಹಿಡಿದರು. ನಗಾರಿ ನಡೆದೇ ಇತ್ತು.

ಅವನು ನನ್ನ ಕಡೆ ನೋಡಿ ಏನೋ ಹೇಳಿದ. ತುಟಿ ಆಡಿದ್ದಷ್ಟೇ ಕಂಡಿತು. ಕೇಳುತ್ತಿಲ್ಲ ಎಂದು ಕೈ ಆಡಿಸಿದೆ. ಅವನು ನಕ್ಕು ತಲೆಯಾಡಿಸಿ ಮಾತು ಮುಂದುವರಿಸಿದ. ಕೇಳುವುದಿಲ್ಲ ಎಂದು ಗೊತ್ತಿದ್ದೂ ಇವನೇಕೆ ಹೇಳುತ್ತಿದ್ದಾನೆ ಎಂದುಕೊಂಡೆ. ಹಗ್ಗ ಎಳೆದರು. ಹೋದ.

ಶ್ರಾವಣದಲ್ಲಿ ಸುದ್ದಿ ಬಂತು. ಬಿಡಾರದಲ್ಲಿ ಜ್ವರ ಬಂದಿತ್ತು, ಅಲ್ಲೇ ಹೊಳೆಯ ಪಕ್ಕ ಮಣ್ಣು ಮಾಡಿದರು. ನಾನು ಅಳಲಿಲ್ಲ. ಇದಕ್ಕಾಗಿ ದ್ಯಾಮವ್ವ ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಒಲೆ ಹಚ್ಚಿದರು. ನಾನು ಅಕ್ಕಿ ಆರಿಸಿದೆ.

ಕಾರ್ತಿಕದಲ್ಲಿ ಅಖಂಡರು ಊರು ಬಿಟ್ಟರು. ಹಿಂದೆ ಸರಿಯುವ ಆಜ್ಞೆಯನ್ನು ವಿರಜ ಕಟ್ಟೆಯ ಮೇಲಿಂದ ಕೊಡಲಿಲ್ಲ. ಉಳಿದ ಜನರನ್ನು ಕರೆದುಕೊಂಡು, ಪಂಚೆ ಎತ್ತಿ ಕಟ್ಟಿ, ಹಳ್ಳ ದಾಟಿ ದಿಬ್ಬ ಹತ್ತಿದ. ಅಲ್ಲಿ ನಿಂತು ಹೇಳಿದ. ಏನು ಹೇಳಿದ ಎಂದು ಊರಿಗೆ ತಿಳಿಯದು. ದ್ಯಾಮವ್ವ ಬಾಗಿಲಲ್ಲಿ ನಿಂತು ನೋಡಿ, “ಈಗ ಬುದ್ಧಿ ಬಂತು ಮುಂಡೇದಕ್ಕೆ” ಎಂದರು. ಒಳಗೆ ತಿರುಗುತ್ತ, “ಮಜ್ಜಿಗೆ ಕುಡೀದೆ ಹೋದ” ಎಂದರು.

ಕಾಟಯ್ಯ ಹೋಗಲಿಲ್ಲ. ಹಿತ್ತಲಲ್ಲಿ ಕುಳಿತು ಅರದಿಂದ ಕಡಗ ಉಜ್ಜಿ ತೆಗೆದ. ಕೈಯ ಸುತ್ತ ಬಿಳಿಯ ಗೆರೆ ಉಳಿಯಿತು. ಊರಿನವರ ಒಡೆದ ಬುಟ್ಟಿ, ಮೊರ ಕಟ್ಟಿಕೊಡುತ್ತ ಇದ್ದುಬಿಟ್ಟ. ನಮ್ಮಲ್ಲೇ ಉಣ್ಣುತ್ತಿದ್ದ.

ಹೊಸ ನಗಾರಿ ನಿಂತರೂ ಹಳೆಯದು ನಿಂತಿರಲಿಲ್ಲ. ಅದಕ್ಕೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಖಾಲಿ ಚಾವಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಸದ್ದು. ಜನ ಅದರ ನಡುವೆಯೇ ಒಕ್ಕಣೆ ಮಾಡಿದರು, ಮದುವೆ ಮಾಡಿದರು. ಆ ನಗಾರಿಗೇ ಮೆರವಣಿಗೆ ಹೊಂದಿಸಿಕೊಂಡು ಖರ್ಚು ಉಳಿಸಿದ ಮನೆಯೂ ಇದೆ. ಸೈನಿಕರು ನಕ್ಕ ನಗುವೂ ತಿರುಗಿ ಬಂತು. ಅವತ್ತು ಚಾವಡಿಯಲ್ಲಿ ಯಾರೂ ಇರಲಿಲ್ಲ, ಒಂದು ಕರು ಮಲಗಿತ್ತು.

ಸಂಜೆ ನಗಾರಿ ನಿಂತ ಮೇಲೆ ಮನೆಯಲ್ಲಿ ಹೊನ್ನಪ್ಪ ಮಾತಾಡುತ್ತಿದ್ದ. “ಇಂದೂ, ಆ ಚಿಮಟ ಎಲ್ಲಿಟ್ಟೆ?” ಎಂದು ನನ್ನ ಹೆಸರು ಹಿಡಿದು ಕೇಳುತ್ತಿದ್ದ. “ಅವ್ವಾ, ಬೆನ್ನು ತಿಕ್ಕು.” ನನ್ನ ದನಿಯೂ ಬರುತ್ತಿತ್ತು. ನಾನು ಅಷ್ಟು ನಗುತ್ತಿದ್ದೆ ಎಂಬುದು ನನಗೆ ಮರೆತುಹೋಗಿತ್ತು. ಗೋಡೆಗೆ ಒರಗಿ ಕುಳಿತು ಕೇಳುತ್ತಿದ್ದೆ. ಬೇರೆ ಯಾರದೋ ಸಂಸಾರ ಪಕ್ಕದ ಮನೆಯಲ್ಲಿ ನಡೆದಂತೆ, ಸುಖವಾಗಿ.

ಆದರೆ ದಿನ ಹತ್ತಿರವಾಗುತ್ತಿತ್ತು. ಕಡೆಯ ಮಾತು ಅವನು ಆಡಿದ್ದು ಬೆಳಿಗ್ಗೆ, ಬೀದಿಯಲ್ಲಿ, ನಗಾರಿಯ ಎದುರಿಗೆ. ಮಾತು ಬಂದರೆ ನಗಾರಿಯೂ ಬರುತ್ತದೆ. ಒಮ್ಮೆ ಕಳೆದುಕೊಂಡದ್ದನ್ನು ಅದೇ ರೀತಿಯಲ್ಲಿ ಎರಡನೇ ಸಲ ಕಳೆದುಕೊಳ್ಳಬೇಕು. ಆಮೇಲೆ ಸುಣ್ಣ.

“ನೆಂಟರ ಕರಿಯೋದು ಬ್ಯಾಡ ಬಿಡು. ನಗಾರಿ ಕೇಳಕೆ ಯಾರು ಬತ್ತಾರೆ?” ಎಂದರು ದ್ಯಾಮವ್ವ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಆವತ್ತು ಮೊರ ಕಟ್ಟುತ್ತಿದ್ದ ಕಾಟಯ್ಯನ ಕುತ್ತಿಗೆ ನೋಡಿದೆ. ಮಾತಾಡುವಾಗ ಅದು ಈಗಲೂ ಪಕ್ಕದವರ ಕಡೆ ಚಾಚುತ್ತದೆ.

“ಕಾಟಯ್ಯ, ನಗಾರಿ ಬಾರಿಸುವಾಗ ಪಕ್ಕದವನ ಮಾತು ನಿಮಗೆ ಪೂರ್ತಿ ಕೇಳುತ್ತಿತ್ತೇ?”

“ಪೂರ್ತಿ ಅಕ್ಕಾ. ಮನೆ ಕಷ್ಟಸುಖ ಎಲ್ಲಾ ಅಲ್ಲೇ ಮಾತಾಡ್ತಿದ್ವಿ. ಬಾಯಿಗೆ ಕಿವಿ ತಾಗೋ ಹಂಗಿರಬೇಕು ಅಷ್ಟೆ. ಒಂದು ಗೇಣು ಆಚೆ ಹೋದ್ರೆ ಏನೂ ಇಲ್ಲ.”

ಆವತ್ತು ಅವನ ಬಾಯಿಯ ಹತ್ತಿರ ಹೋಗಲು ಈಟಿ ಅಡ್ಡ ಇತ್ತು. ಈಗ ಈಟಿ ಇಲ್ಲ.

ಎಲ್ಲಿ ನಿಂತಿದ್ದ ಎಂಬುದಕ್ಕೆ ಕುದುರೆ ಕಟ್ಟುವ ಕಲ್ಲು ಇತ್ತು. ಎತ್ತರ ನಾನು ಬಲ್ಲೆ. ಎದುರಿಗೆ ನಿಂತರೆ ನನ್ನ ನೆತ್ತಿ ಅವನ ಅಂಗಿಯ ಎರಡನೇ ಗುಂಡಿಗೆ ಬರುತ್ತಿತ್ತು. ಅಟ್ಟದಿಂದ ಅವನೇ ಕಲಾಯಿ ಹಾಕಿದ್ದ ದೊಡ್ಡ ಹಂಡೆ ಇಳಿಸಿ ಬೋರಲು ಹಾಕಿದೆ. ಅವನ ಅಂಗಿಯನ್ನು ಕೋಲಿಗೆ ತೂಗುಹಾಕಿ, ಗುಂಡಿಯ ಮಟ್ಟ ನನ್ನ ನೆತ್ತಿಗೆ ಸರಿಯಾಗಿ ಹಿಡಿದು ಅಳೆದೆವು. ಹಂಡೆಯ ಮೇಲೆ ನಿಂತರೆ ನನ್ನ ಕಿವಿ ಕೊರಳಪಟ್ಟಿಯಿಂದ ಸ್ವಲ್ಪ ಮೇಲೆ ಬಂತು. ಕಾಟಯ್ಯ ಹಂಡೆಯ ಕೆಳಗೆ ಒಂದು ಹಲಗೆ ಇಟ್ಟ. ಅಲ್ಲಿಗೆ ಸರಿಹೋಯಿತು.

ದ್ಯಾಮವ್ವ ಎಲ್ಲವನ್ನೂ ನೋಡಿ ಒಳಗೆ ಹೋದರು. ಸಂಜೆಯೊಳಗೆ ನೆಂಟರಿಗೆಲ್ಲ ಹೇಳಿ ಕಳಿಸಿದ್ದರು.

ಆ ಬೆಳಿಗ್ಗೆ ಜನ ಜಗಲಿಯ ಮೇಲೆ ಕುಳಿತರು. ಒಳಗೆ ಹುರುಳಿ ಸಾರು ಕುದಿಯುತ್ತಿತ್ತು. ಬೀದಿಯ ತುಂಬ ನಗಾರಿ. ಕಾಟಯ್ಯ ತನ್ನದೇ ಕೈಯ ಸದ್ದು ಕೇಳುತ್ತ ತಲೆ ಕೆರೆದುಕೊಂಡ. ನನ್ನ ಕಿವಿಗೆ ಬಾಯಿಟ್ಟು, “ತಾಳ ತಪ್ಪೀನಿ ನೋಡಕ್ಕಾ. ಅವತ್ತು ಮನಸು ಸರಿ ಇರಲಿಲ್ಲ” ಎಂದ. ನಾನು ಹಂಡೆ ಹತ್ತಿದೆ. ದ್ಯಾಮವ್ವ ಎರಡೂ ಕೈಯಿಂದ ನನ್ನ ಸೊಂಟ ಹಿಡಿದರು. ಕಲ್ಲಿನ ಮೇಲಿನ ಖಾಲಿ ಗಾಳಿಗೆ ಕಿವಿ ಕೊಟ್ಟು ನಿಂತೆ. ಬೀದಿಯಲ್ಲಿ ಹೋಗುವವರು ಯಾರೂ ನಗಲಿಲ್ಲ. ನಮ್ಮ ಊರು ಅದು.

ಸ್ವಲ್ಪ ಹೊತ್ತು ನಗಾರಿ ಬಿಟ್ಟು ಏನೂ ಇಲ್ಲ. ಆಮೇಲೆ ಕಿವಿಯೊಳಗೇ, ಬೆಚ್ಚಗೆ ಎನಿಸುವಷ್ಟು ಹತ್ತಿರದಲ್ಲಿ ಬಂತು.

“ಇಂದೂ. ಕೈ ಆಡಿಸಬೇಡ. ಈಗ ಬಾಗಿಲಲ್ಲಿ ನಿಂತಿರೋಳಿಗೆ ಹೇಳ್ತಿಲ್ಲ ನಾನು. ಬರೋ ವರ್ಷದೋಳಿಗೆ ಹೇಳ್ತಿದೀನಿ. ನಾನು ಪಕ್ಕದಲ್ಲೇ ಇದ್ರೆ ಒಂದು ಸಲ ಚಿವುಟು, ಚಾವಡೀಲಿ ಚಿವುಟಿದ್ಯಲ್ಲ ಹಂಗೆ. ಇಲ್ದಿದ್ರೆ, ನೀನು ಗಿಡ್ಡಿ, ಯಾವುದರ ಮೇಲೋ ಹತ್ತಿರ್ತೀಯ. ಬೀಳಬೇಡ. ಅವ್ವ ಹಿಡ್ಕೊಂಡಿರ್ತಾಳೆ. ಸಾರಿಗೆ ಉಪ್ಪು ಜಾಸ್ತಿ ಹಾಕ್ತಾಳೆ, ಹೇಳೋಕೆ ಹೋಗಬೇಡ, ಬೇಜಾರು ಮಾಡ್ಕೊತಾಳೆ. ಹೊತ್ತೊತ್ತಿಗೆ ಉಣ್ಣು. ಏಯ್ ಎಳೀಬೇಡ್ರೋ, ಬತ್ತೀನಿ. ಇಂದೂ, ಇವತ್ತೇನು ಸಾರು?”

ಅಷ್ಟೇ. ಹಗ್ಗ ಎಳೆದದ್ದು ಆಗ.

“ಹುರುಳಿ ಸಾರು” ಎಂದೆ.

ನಗಾರಿ ಮೀರುವಷ್ಟು ಜೋರಾಗಿಯೇ ಅಂದಿದ್ದೆ. ಜಗಲಿಯ ಮೇಲೆ ಕುಳಿತವರು ತಲೆ ಎತ್ತಿದರು. ಎರಡನೇ ದನಿಗೆ ಉತ್ತರ ಕೊಟ್ಟಿದ್ದೆ, ನೆಂಟರ ಎದುರಿಗೆ, ನಡುಬೀದಿಯಲ್ಲಿ. ನನ್ನ ಮುಖ ಒದ್ದೆಯಾಗಿದ್ದು ಆಮೇಲೆ ಗೊತ್ತಾಯಿತು. ದ್ಯಾಮವ್ವನ ಕೈ ಸೊಂಟದ ಮೇಲೆ ಬಿಗಿಯಾಯಿತು. ಬೈಯುತ್ತಾರೆ ಎಂದುಕೊಂಡು ಬಗ್ಗಿದೆ. ಅವರು ನನ್ನ ಕಿವಿಗೆ ಬಾಯಿಟ್ಟರು.

“ಏನಂದ?”

“ಇವತ್ತೇನು ಸಾರು ಅಂತ ಕೇಳಿದ.”

“ಉಪ್ಪಿನ ಸುದ್ದಿ ತೆಗೀಲಿಲ್ವ?”

ನಾನು ಕಲ್ಲಿನ ಕಡೆ ತಿರುಗಿದೆ.

“ಅಪ್ಪನಂಗೆ ಮಗ,” ಎಂದರು ದ್ಯಾಮವ್ವ. ಸೆರಗಿನಿಂದ ನನ್ನ ಮುಖ ಒರೆಸಿದರು, ತಮ್ಮದನ್ನೂ ಒರೆಸಿಕೊಂಡರು. ಮತ್ತೆ ಸೊಂಟ ಹಿಡಿದು ನನ್ನನ್ನು ನೆಟ್ಟಗೆ ನಿಲ್ಲಿಸಿದರು. “ಹೆಂಗೂ ಶುರು ಮಾಡೀಯ. ಉಪ್ಪು ಹದವಾಗೈತೆ ಅಂತಲೂ ಹೇಳು.”

ಹೇಳಿದೆ. ಆಮೇಲೆ ಇಳಿದು ಎಲ್ಲರಿಗೂ ಎಲೆ ಹಾಕಿದೆವು. ಸಾರು ಸ್ವಲ್ಪ ಉಪ್ಪೇ ಆಗಿತ್ತು. ಕಾಟಯ್ಯ ಎರಡು ಸಲ ಹಾಕಿಸಿಕೊಂಡ.

ಬರುವ ಆಷಾಢಕ್ಕೆ ನಗಾರಿ ಇರುವುದಿಲ್ಲ. ಕುದುರೆ ಕಟ್ಟುವ ಕಲ್ಲಿನ ಹತ್ತಿರ, ಆಳೆತ್ತರದಲ್ಲಿ, ಹುರುಳಿ ಸಾರು ಎಂದು ಒಂದು ಹೆಣ್ಣು ದನಿ ಹೇಳುತ್ತದೆ. ಉಪ್ಪು ಹದವಾಗಿದೆ ಎನ್ನುತ್ತದೆ. ಯಾರು ಕೇಳಿದರು, ಯಾಕೆ ಹೇಳಿತು ಎಂದು ಹೊಸಬರು ಸುತ್ತ ನೋಡಬಹುದು. ಊರಿನವರು ಆಡಿಕೊಳ್ಳಬಹುದು. ನಾನು ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕುಳಿತಿರುತ್ತೇನೆ.